ಹದಿನೇಳನೆಯ ಸೆಕೆಂಡು

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಆಕೆಯ ಗಂಡ ಅಂಚೆಯವನು. ಶನಿವಾರ, ಇಪ್ಪತ್ತನೆಯ ತಾರೀಖು, ಏಳು ಮಹಡಿಯ ವಸತಿ ಕಟ್ಟಡವೊಂದರ ಐದನೆಯ ಮಹಡಿಯಲ್ಲಿ ಕಾಗದ ಕೊಟ್ಟು, ಕೆಳಗಿಳಿಯಲೆಂದು ಲಿಫ್ಟಿನ ಬಾಗಿಲು ಎಳೆದಿದ್ದ. ಬಾಗಿಲು ತೆರೆದುಕೊಂಡಿತು. ಲಿಫ್ಟ್ ಮಾತ್ರ ಅಲ್ಲಿರಲಿಲ್ಲ. ಕೈಯಲ್ಲಿ ಉಳಿದ ಕಾಗದಗಳ ವಿಳಾಸ ಓದುತ್ತಲೇ ಆತ ಕಾಲು ಮುಂದಿಟ್ಟಿದ್ದನ್ನು ಎದುರು ಮನೆಯವರು ನೋಡಿದ್ದರು.

"ಲಿಫ್ಟ್ ಬಂದು ನಿಲ್ಲೋವರೆಗೂ ಬಾಗಿಲು ತೆರೆಯಲ್ಲ ಅಂತ ಮಕ್ಕಳಿಗೂ ಗೊತ್ತು ಮೇಡಂ" ಎಂದಳು ಆಕೆ. "ಅದನ್ನ ನೋಡ್ಕೋಬೇಕಾದವರು ಯಾರೋ ಇದ್ದಾರಲ್ಲ. ಅವರ ಹೆಸರು ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ದೂರನ್ನು ಎರಡು ಸಲ ಓದಿ ನಿರ್ಲಕ್ಷ್ಯದಿಂದಾದ ಸಾವೆಂದು ಎಫ್‌ಐಆರ್ ದಾಖಲಿಸಲು ಹೇಳಿದರು. ಬರೆದವನು ಹೆಡ್ ಕಾನ್‌ಸ್ಟೇಬಲ್. ಅವನ ಕೈಬರಹ ಮುತ್ತು ಪೋಣಿಸಿದ ಹಾಗಿದ್ದುದರಿಂದ ಠಾಣೆಯಲ್ಲಿ ಅವನಿಗೆ ಮುತ್ತು ಎಂಬ ಅಡ್ಡಹೆಸರೇ ಗಟ್ಟಿಯಾಗಿತ್ತು.

ಐದನೆಯ ಮಹಡಿಯ ಬಾಗಿಲ ಬೀಗ ಸವೆದು ನುಣುಪಾಗಿದ್ದುದನ್ನು ಸ್ಥಳ ಪಂಚನಾಮೆಯಲ್ಲಿ ಶನಿವಾರವೇ ದಾಖಲಿಸಲಾಗಿತ್ತು. ಹಾಗಾಗಿ ಉಳಿದಿದ್ದ ಪ್ರಶ್ನೆ ಒಂದೇ. ಅದು ಯಾರಿಗೆ ಗೊತ್ತಿತ್ತು?

ಉತ್ತರ ತಾನಾಗಿಯೇ ನಡೆದು ಬಂದಿತು. ಲಿಫ್ಟುಗಳನ್ನು ನೋಡಿಕೊಳ್ಳುತ್ತಿದ್ದ ಕಂಪನಿಯ ಮ್ಯಾನೇಜರ್ ಅಂದೇ ಮಧ್ಯಾಹ್ನ ಠಾಣೆಗೆ ಬಂದು ಒಂದು ಹಾಳೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ ಇಟ್ಟರು. ಐವತ್ತು ದಾಟಿದ ಮನುಷ್ಯ, ಮೂವತ್ತು ವರ್ಷದ ಅನುಭವ, ಅಳೆದು ತೂಗಿ ಆಡುವ ಮಾತು. ಹಾಳೆಯಲ್ಲಿದ್ದುದು ಅದೇ ಲಿಫ್ಟಿನ ತಪಾಸಣಾ ವರದಿ, ಇದೇ ತಿಂಗಳ ನಾಲ್ಕನೆಯ ತಾರೀಖಿನದು. "ಐದನೆಯ ಮಹಡಿ: ಬಾಗಿಲ ಬೀಗ ಸುಸ್ಥಿತಿಯಲ್ಲಿದೆ." ಕೆಳಗೆ ತಪಾಸಣೆ ಮಾಡಿದ ತಂತ್ರಜ್ಞೆಯ ಹೆಸರು.

"ನಮ್ಮ ಹುಡುಗಿಯೇ. ಹೇಳೋಕೆ ನನಗೂ ಸಂಕಟ" ಎಂದರು ಮ್ಯಾನೇಜರ್. "ಅವಳು ಸರಿಯಿದೆ ಅಂದ್ಳು, ನಾವು ಓಡಿಸಿದ್ವಿ."

ಆ ಹುಡುಗಿಯನ್ನು ಕಂಪನಿಯಲ್ಲಿ ಎಲ್ಲರೂ ಸ್ಪ್ಯಾನರ್ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಗ್ರೀಸು. ಸಂಜೆ ನಾಲ್ಕಕ್ಕೆ ವಿಚಾರಣೆಗೆ ಬಂದಾಗ ಜೊತೆಗೆ ಅಪ್ಪನೂ ಇದ್ದ.

"ನೀವು ಬರೆದಿದ್ದೇನು?"

"ಐದನೇ ಮಹಡಿ ಬೀಗ ಸವೆದಿದೆ, ಬದಲಿಸೋವರೆಗೂ ಲಿಫ್ಟ್ ನಿಲ್ಲಿಸಬೇಕು ಅಂತ."

"ಇಲ್ಲಿ ಹಾಗಿಲ್ಲ."

"ಅದು ನಂದಲ್ಲ ಮೇಡಂ."

"ನಿಮ್ಮ ಹೆಸರಿದೆ."

"ಹೆಸರು ನಂದೇ. ಮಾತು ನಂದಲ್ಲ."

"ನಿಮ್ಮ ಹತ್ರ ಪ್ರತಿ ಇದೆಯಾ?"

"ಇಲ್ಲ. ಆಫೀಸಿನ ಕಂಪ್ಯೂಟರಲ್ಲಿ ಕೂತು ನೇರ ಸರ್ವರಿಗೇ ಬರೀಬೇಕು. ಮನೆಗೆ ಒಯ್ಯೋ ಹಾಗಿಲ್ಲ."

ಅಪ್ಪನಿಗೆ ತಡೆಯಲಾಗಲಿಲ್ಲ. "ಮೇಡಂ, ಇವಳಿಗೆ ಮುಚ್ಚಿಡೋದು ಗೊತ್ತಿದ್ರೆ ನಮ್ಮ ಸಂಸಾರ ಇನ್ನೂ ಸುಖವಾಗಿರ್ತಿತ್ತು. ಚಿಕ್ಕಪ್ಪ ಹೊಸ ಮನೆ ಕಟ್ಟಿಸಿದ. ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ರೆ ಇವಳು ಬಾಗಿಲಲ್ಲೇ ನಿಂತು, 'ಚಿಕ್ಕಪ್ಪ, ನಿಮ್ಮ ಮೂರನೇ ಮೆಟ್ಟಿಲು ಒಂದಿಂಚು ಎತ್ತರ ಇದೆ, ಯಾರಾದ್ರೂ ಬೀಳ್ತಾರೆ' ಅಂದ್ಳು. ಅವತ್ತಿಂದ ಅವನು ಫೋನೂ ಮಾಡಿಲ್ಲ."

"ಅಪ್ಪಾ, ಸುಮ್ನಿರು."

"ಬಿದ್ದನಲ್ಲ ಅವನೇ, ಆಮೇಲೆ!"

ಮುತ್ತು ನಗು ಬಾರದಂತೆ ಪೆನ್ನಿನ ತುದಿ ಕಚ್ಚಿದ. ಇನ್ಸ್‌ಪೆಕ್ಟರ್ ನಗಲಿಲ್ಲ. ಹುಡುಗಿಯ ಮಾತಿಗೆ ಸಾಕ್ಷಿ ಅವಳೊಬ್ಬಳೇ. ವರದಿಯ ಮಾತಿಗೆ ತಾರೀಖಿತ್ತು. ಮೇಲಧಿಕಾರಿಗಳು ಆಗಲೇ ಫೋನು ಮಾಡಿ ಬಂಧನ ಯಾವಾಗ ಎಂದು ಕೇಳಿದ್ದರು. ನಾಳೆ ಸಂಜೆಯೊಳಗೆ ಎಂದು ಇವರೂ ಹೇಳಿದ್ದರು. ಅವಳು ಒಳಗೆ ಹೋದರೆ ಹೊರಗೆ ಬಂದ ಮೇಲೂ ಯಾವ ಲಿಫ್ಟನ್ನೂ ಮುಟ್ಟಲು ಯಾರೂ ಬಿಡುವುದಿಲ್ಲ.

"ಕಾಗದ ನೋಡಾಯಿತು" ಎಂದರು ಮುತ್ತುವಿಗೆ. "ನಾಳೆ ಬೆಳಿಗ್ಗೆ ಮೂಲ ಫೈಲು ನೋಡೋಣ. ಅಲ್ಲೀವರೆಗೂ ಆ ಸರ್ವರ್ ಕೋಣೆಗೆ ಬೀಗ ಹಾಕಿಸಿ. ಯಾವ ಯಂತ್ರವೂ ಹೊಸದಾಗಿ ಏನನ್ನೂ ಬರೆದುಕೊಳ್ಳಬಾರದು."

ಸರ್ವರ್ ಕೋಣೆ ಎಂದರೆ ಹಿಂದೆ ಬಿಡಿಭಾಗ ತುಂಬುತ್ತಿದ್ದ ಉಗ್ರಾಣ. ಈಗಲೂ ಒಳಗೆ ಕಾಲಿಟ್ಟರೆ ಎಣ್ಣೆಯ ವಾಸನೆ. ಮಂಗಳವಾರ ಬೆಳಿಗ್ಗೆ ಅದರ ಒಡತಿ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಐವತ್ತರ ಹೆಂಗಸು, ಕೈಕಟ್ಟಿಕೊಂಡು ಬಾಗಿಲಲ್ಲೇ ಕಾದಿದ್ದರು.

"ಸರ್ವರಮ್ಮ ಅಂತಲೇ ಕರೀರಿ ಮೇಡಂ. ಹೆತ್ತವರಿಟ್ಟ ಹೆಸರು ಸಂಬಳದ ಚೀಟೀಲಿ ಮಾತ್ರ ಉಳಿದಿದೆ. ನಿನ್ನೆಯಿಂದ ನನ್ನ ಕೋಣೆಗೆ ನನ್ನನ್ನೇ ಬಿಡ್ತಿಲ್ಲ ನಿಮ್ಮ ಜನ."

"ನಿಮ್ಮ ಕೋಣೆಯ ಒಳ್ಳೇದಕ್ಕೇ."

"ಹಾಗಂತ ಅತ್ತೆ ಅಡುಗೆಮನೆಗೆ ಬೀಗ ಹಾಕಿದ ಹಾಗಾಯ್ತು" ಎನ್ನುತ್ತಲೇ ಅವರು ಒಳಗೆ ನಡೆದರು.

ಕಂಪನಿಯ ಎಲ್ಲರ ಕೆಲಸವೂ ಅಲ್ಲಿನ ಒಂದೇ ಯಂತ್ರದಲ್ಲಿತ್ತು. ಯಾರು ಯಾವ ಮೇಜಿನಲ್ಲಿ ಕೂತು ತೆರೆದರೂ ತೆರೆದುಕೊಳ್ಳುತ್ತಿದ್ದುದು ಈ ಯಂತ್ರದ ಹಂಚಿಕೆಯ ಫೋಲ್ಡರ್. ಅದರೊಳಗೆ ಕಟ್ಟಡಕ್ಕೊಂದು ಉಪಫೋಲ್ಡರ್, ವರದಿಗೊಂದು ಫೈಲು. ಯಾರು ತಿದ್ದಿದರು ಎಂದು ಅದು ಗುರುತಿಟ್ಟುಕೊಳ್ಳುತ್ತಿರಲಿಲ್ಲ. ಯಾವಾಗ ಎಂದು ಮಾತ್ರ ಇಟ್ಟುಕೊಳ್ಳುತ್ತಿತ್ತು. ಈ ತಿಂಗಳ ಒಂಬತ್ತರಂದು ಅದರ ಡಿಸ್ಕು ಕೆಟ್ಟಿತ್ತು. ಸರ್ವರಮ್ಮ ಹೊಸ ಡಿಸ್ಕು ಹಾಕಿ, ಬ್ಯಾಕಪ್ಪಿನಿಂದ ಎಲ್ಲವನ್ನೂ ಮರಳಿ ತುಂಬಿದ್ದರು.

"ಎಷ್ಟು ದಿನ ಹಿಡಿಯಿತು?"

"ಎರಡು. ಒಂದೇ ದಿನದಲ್ಲಿ ಮುಗೀಬೇಕಿತ್ತು. ಮೊದಲ ಸಲ ತುಂಬಿದಾಗ ಎಲ್ಲಾ ಫೈಲಿಗೂ ಅವತ್ತಿನ ತಾರೀಖೇ ಬಿದ್ದಿತ್ತು. ಹತ್ತು ವರ್ಷದ ಹಿಂದಿನ ವರದಿಯೂ ಅವತ್ತೇ ಹುಟ್ಟಿದ ಹಾಗೆ. ಯಜಮಾನರು ಅಂದ್ರು, 'ಒಳಗಿನ ಅಕ್ಷರ ಸರಿಯಾಗಿದೆಯಲ್ಲ, ತಾರೀಖು ತಗೊಂಡು ಏನು ಮಾಡ್ತೀಯಮ್ಮ?' ನಾನಂದೆ, ಸಾರ್, ಅಜ್ಜನಿಗೂ ಮೊಮ್ಮಗನಿಗೂ ಒಂದೇ ಹುಟ್ಟಿದ ದಿನ ಬರೆದು ಮನೆ ನಡೆಸೋಕಾಗಲ್ಲ. ಎಲ್ಲ ಅಳಿಸಿದೆ. ತಾರೀಖು ಸಮೇತ ತರೋ ಹಾಗೆ ಆಜ್ಞೆ ಬರೆದು ಮತ್ತೆ ಮೊದಲಿಂದ ತುಂಬಿದೆ. ಆಫೀಸೆಲ್ಲ ನನಗೆ ಶಾಪ ಹಾಕ್ತು."

ಕೆಲಸವನ್ನು ಯಾರೂ ನೋಡದ ಕಡೆಯಲ್ಲೂ ಹೀಗೆ ಮಾಡುವವರಿಂದಲೇ ಲೋಕ ನಿಂತಿದೆ ಎಂದು ಇನ್ಸ್‌ಪೆಕ್ಟರಿಗೆ ಅನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ. ಭೌತಶಾಸ್ತ್ರ ಓದಿ ಪೊಲೀಸರಾದವರು ಅವರು. ಮೆಚ್ಚಿದ ಅಳತೆಯನ್ನೂ ಇನ್ನೊಮ್ಮೆ ಅಳೆಯುವ ಜಾತಿ.

ಇಬ್ಬರು ಪಂಚರ ಎದುರಿಗೆ ಪಂಚನಾಮೆ ಶುರುವಾಯಿತು. ಆ ಕಟ್ಟಡದ ಫೋಲ್ಡರಿನಲ್ಲಿ ನಲವತ್ತಕ್ಕೂ ಹೆಚ್ಚು ವರದಿಗಳಿದ್ದವು. ಸರ್ವರಮ್ಮ ಒಂದೊಂದರ ಗುಣವಿವರ ತೆರೆದು ಓದಬೇಕು, ಮುತ್ತು ಬರೆಯಬೇಕು.

"ಸೆಕೆಂಡೂ ಬೇಕಾ ಮೇಡಂ?"

"ಯಂತ್ರ ತೋರಿಸ್ತಿದೆಯಲ್ಲ. ಬರೀರಿ."

"ಗಂಟೆ ಸಾಕು ಅಂತಿದ್ರು ಹಿಂದಿನ ಸಾಹೇಬರು."

"ಅವರು ಹೋಗಿ ಎಷ್ಟು ವರ್ಷ ಆಯ್ತು?"

"ಬರೀತೀನಿ ಮೇಡಂ."

ಸರ್ವರಮ್ಮನ ದನಿ ಬಾಯಿಪಾಠ ಒಪ್ಪಿಸುವಂತೆ ಸಾಗಿತು. ಮೂರು ಗಂಟೆ ಹತ್ತು ನಿಮಿಷ ನಲವತ್ತು ಸೆಕೆಂಡು. ಹನ್ನೆರಡು ಐದು ಐವತ್ತೆರಡು. ನಾಲ್ಕು ಇಪ್ಪತ್ತೊಂದು ಎಂಟು. ಕೊನೆಯದಾಗಿ ಈ ತಿಂಗಳ ವರದಿ ಬಂತು. ಹನ್ನೊಂದು ನಲವತ್ತೆರಡು ಹದಿನೇಳು.

ಮುತ್ತುವಿನ ಪೆನ್ನು ನಿಂತಿತು.

"ಏನ್ರೀ?"

"ಏನಿಲ್ಲ ಮೇಡಂ. ಸೆಕೆಂಡಿನ ಸಾಲಿನಲ್ಲಿ ಬೆಸಸಂಖ್ಯೆ ಬರೆದಿದ್ದು ಇದೇ ಮೊದಲು. ಇಷ್ಟೊತ್ತು ಬರೀ ಸರಿಸಂಖ್ಯೆ ಬರ್ತಿತ್ತು, ಕೈ ಅದಕ್ಕೇ ಒಗ್ಗಿಹೋಗಿತ್ತು."

ಇನ್ಸ್‌ಪೆಕ್ಟರ್ ಪುಟ ಎಳೆದುಕೊಂಡು ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಾಣ್ಯವನ್ನು ನಲವತ್ತು ಸಲ ಚಿಮ್ಮಿದಾಗ ನಲವತ್ತು ಸಲವೂ ಒಂದೇ ಮುಖ ಬಿದ್ದರೆ ಅದು ಅದೃಷ್ಟವಲ್ಲ, ನಾಣ್ಯದ ಗುಣ. ಇಲ್ಲಿ ಗುಣ ಯಾವುದರದ್ದು?

"ಸರ್ವರಮ್ಮ, ಜನ ಫೈಲು ಉಳಿಸೋದು ಸರಿಸಂಖ್ಯೆ ನೋಡ್ಕೊಂಡಲ್ಲ. ಇವೆಲ್ಲ ಯಾಕೆ ಹೀಗೆ?"

ಸರ್ವರಮ್ಮ ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ ಪರದೆಗೆ ಬಾಗಿದರು. ಬೇರೆ ಕಟ್ಟಡದ ಫೋಲ್ಡರ್ ತೆರೆದರು. ಅಲ್ಲಿನ ಹಳೆಯ ವರದಿಗಳಲ್ಲೂ ಅದೇ. ಇನ್ನೊಂದು ತೆರೆದರು. ಆಮೇಲೆ ಹಣೆ ತಟ್ಟಿಕೊಂಡರು.

"ಅಯ್ಯೋ, ನನ್ನ ಡಿಸ್ಕಿನ ಬುದ್ಧಿ! ಬ್ಯಾಕಪ್ ಇರೋದು ಕೈಯಲ್ಲಿ ಹಿಡಿಯೋ ಹಳೇ ಡಿಸ್ಕಿನಲ್ಲಿ ಮೇಡಂ. ಅದನ್ನ ಹಳೇ ಪದ್ಧತೀಲಿ ಅಣಿ ಮಾಡಿದ್ದು. ಅದರ ಗಡಿಯಾರಕ್ಕೆ ಒಂದೊಂದು ಸೆಕೆಂಡು ಎಣಿಸೋಕೆ ಬರಲ್ಲ, ಎರಡೆರಡೇ ಎಣಿಸುತ್ತೆ. ಹದಿನೇಳು ಅಂತ ಕೊಟ್ರೆ ಹದಿನೆಂಟು ಅಂತ ಬರ್ಕೊಳ್ಳುತ್ತೆ. ಅಲ್ಲಿಂದ ವಾಪಸ್ ಬಂದ ಫೈಲಿಗೆಲ್ಲ ಸರಿಸಂಖ್ಯೇನೇ. ಒಂದು ಸೆಕೆಂಡು ಅತ್ತಿತ್ತ ಆದ್ರೆ ಯಾರಿಗೇನು ನಷ್ಟ ಅಂತ ನಾನೂ ಬಿಟ್ಟಿದ್ದೆ."

"ಹಾಗಾದ್ರೆ ನಾಲ್ಕನೇ ತಾರೀಖಿನ ವರದಿಯೂ ಆ ಡಿಸ್ಕಿನಿಂದಲೇ ಬಂದಿರಬೇಕು."

"ಬಂದಿರಬೇಕು. ಸರ್ವರ್ ಕೆಟ್ಟಿದ್ದು ಒಂಬತ್ತಕ್ಕೆ."

"ಬಂದಿದ್ರೆ ಹದಿನೇಳು ಇರೋಕಾಗಲ್ಲ."

ಸರ್ವರಮ್ಮ ಆ ವರದಿಯ ಗುಣವಿವರವನ್ನು ಇನ್ನೊಮ್ಮೆ ತೆರೆದು ನೋಡಿದರು.

"ಇದು ನಾನು ತುಂಬಿದ ಫೈಲಲ್ಲ" ಎಂದರು ಸರ್ವರಮ್ಮ ನಿಧಾನವಾಗಿ. "ಆಮೇಲೆ ಯಾರೋ ಇಟ್ಟಿದ್ದು. ತಾರೀಖನ್ನೂ ಕೂರಿಸಿ ಇಟ್ಟಿದ್ದು."

"ನಿಜವಾದದ್ದು ಡಿಸ್ಕಿನಲ್ಲಿ ಸಿಗುತ್ತಾ?"

"ಕಷ್ಟ. ದಿನಾ ಸಂಜೆ ಬ್ಯಾಕಪ್ ಓಡುತ್ತೆ. ಬದಲಾದ ಫೈಲು ಹಳೇದರ ಮೇಲೆ ಕೂತುಬಿಡುತ್ತೆ."

"ಬದಲಾಗಿದೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

ಸರ್ವರಮ್ಮನ ಮುಖ ಅರಳಿತು. "ತಾರೀಖು ನೋಡಿ ಮೇಡಂ! ಸರ್ವರಿನ ಫೈಲಿನ ತಾರೀಖು ಡಿಸ್ಕಿನದ್ದಕ್ಕಿಂತ ಹೊಸದಾಗಿದ್ರೆ ಮಾತ್ರ ನಕಲು ಮಾಡುತ್ತೆ. ಡಿಸ್ಕಿನಲ್ಲಿ ಹದಿನೆಂಟು, ಇಲ್ಲಿ ಹದಿನೇಳು. ಇದು ಹಳೇದು ಅಂತ ಮುಟ್ಟದೆ ಮುಂದೆ ಹೋಗಿರುತ್ತೆ."

ಅವರು ಡಿಸ್ಕಿಗೆ ಕೈಚಾಚಿದರು. ಇನ್ಸ್‌ಪೆಕ್ಟರ್ ತಡೆದು, ತಾವು ತಂದಿದ್ದ ಚಿಕ್ಕ ಪೆಟ್ಟಿಗೆಯೊಂದನ್ನು ಚೀಲದಿಂದ ತೆಗೆದರು. ಡಿಸ್ಕನ್ನು ಅದರ ಮೂಲಕ ಜೋಡಿಸಿದರೆ ಓದಬಹುದು, ಒಂದು ಚುಕ್ಕೆಯನ್ನೂ ಬರೆಯಲಾಗದು. "ತೆರೆದು ನೋಡೋದ್ರಲ್ಲೇ ತಾರೀಖು ಕೆಡಿಸಿದವರನ್ನ ನೋಡಿದ್ದೀನಿ."

"ನಿಮಗೆ ಪೊಲೀಸ್ ಕೆಲಸ ಬೇಜಾರಾದ್ರೆ ಹೇಳಿ" ಎಂದರು ಸರ್ವರಮ್ಮ. "ಇಲ್ಲಿ ಇನ್ನೊಂದು ಕುರ್ಚಿ ಹಾಕಿಸ್ತೀನಿ."

ವರದಿ ತೆರೆದುಕೊಂಡಿತು. ಅದೇ ಲಿಫ್ಟ್, ಅದೇ ತಾರೀಖು, ಅದೇ ಹೆಸರು. ಹನ್ನೊಂದು ನಲವತ್ತೆರಡು ಹದಿನೆಂಟು. "ಐದನೆಯ ಮಹಡಿ: ಬಾಗಿಲ ಬೀಗ ಸವೆದಿದೆ. ಬದಲಿಸುವವರೆಗೆ ಲಿಫ್ಟ್ ನಿಲ್ಲಿಸಬೇಕು." ಹುಡುಗಿ ಠಾಣೆಯಲ್ಲಿ ಹೇಳಿದ್ದಕ್ಕೂ ಇದಕ್ಕೂ ಅರ್ಥದಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಮುತ್ತು ಅದನ್ನು ಪಂಚನಾಮೆಗೆ ಇಳಿಸುವಾಗ ಎಂದಿಗಿಂತ ದುಂಡಗೆ ಬರೆದ.

ಡಿಸ್ಕಿಗೆ ಮೊಹರು ಬಿದ್ದಮೇಲೆ ಇನ್ಸ್‌ಪೆಕ್ಟರ್ ಹೊರಗೆ ಬಂದು ಹುಡುಗಿಯ ಮನೆಗೆ ಫೋನು ಮಾಡಿದರು. ಎತ್ತಿದವನು ಅಪ್ಪ.

"ನಿಮ್ಮ ಮಗಳು ಬರೆದದ್ದು ಸಿಕ್ಕಿದೆ. ಬಂಧನ ಇಲ್ಲ."

"ಅವಳಿಗೆ ಕೊಡಲಾ ಮೇಡಂ? ನನಗೆ ಮಾತು ಹೊರಡ್ತಿಲ್ಲ" ಎಂದ.

ಈಗ ಯಾರು ಎಂಬುದು ಉಳಿದಿತ್ತು. ಹಂಚಿಕೆಯ ಫೋಲ್ಡರ್ ಎಲ್ಲರಿಗೂ ತೆರೆದಿತ್ತು ನಿಜ. ಆದರೆ ಸರ್ವರ್ ಸರಿಯಾದ ಮೇಲೆ ನೋಡಿ ತಾರೀಖು ನಕಲು ಮಾಡಿದವರಾದರೆ ಹದಿನೆಂಟನ್ನು ಕೂರಿಸುತ್ತಿದ್ದರು. ಹದಿನೇಳು ಗೊತ್ತಿರಬೇಕಾದರೆ ಒಂಬತ್ತನೆಯ ತಾರೀಖಿಗೆ ಮುಂಚೆಯೇ ಆ ವರದಿಯನ್ನು ತನ್ನಲ್ಲಿ ಇಳಿಸಿಕೊಂಡಿರಬೇಕು. ವರದಿಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಓದುವ ಅನುಮತಿ ಇದ್ದುದು ಒಬ್ಬರಿಗೇ.

ಮ್ಯಾನೇಜರ್ ತಮ್ಮ ಕೋಣೆಯಲ್ಲಿದ್ದರು. ಮೇಜಿನ ಮೇಲೆ ಮೂರು ಪೆನ್ನು, ಮೂರೂ ಸಮಾನಾಂತರ.

"ಈ ವರದಿ ಮೊದಲು ಯಾವಾಗ ನೋಡಿದ್ರಿ?"

"ಹನ್ನೆರಡಕ್ಕೆ. ಸರ್ವರ್ ಸರಿಯಾದ ಮಾರನೇ ದಿನ."

"ಅದಕ್ಕೆ ಮುಂಚೆ?"

"ಇಲ್ಲ. ಹೊರಗಡೆ ಕೆಲಸ ಇತ್ತು."

"ಲ್ಯಾಪ್‌ಟಾಪಿಗೆ ಇಳಿಸಿಕೊಂಡಿರಲಿಲ್ವಾ?"

"ಇಲ್ಲ."

"ಶನಿವಾರ ಅಪಘಾತ ಆದ ಮೇಲೆ ಫೋಲ್ಡರ್ ತೆರೆದಿದ್ರಾ?"

"ಇಲ್ಲ."

"ಯಾರೋ ವರದಿ ಬದಲಾಯಿಸಿ ಹಳೇ ತಾರೀಖು ಹಾಕಿದ್ದಾರೆ. ಅಚ್ಚುಕಟ್ಟಾದ ಕೆಲಸವೇ. ಒಂದು ಸೆಕೆಂಡು ಮಾತ್ರ ತಪ್ಪಿದ್ದಾರೆ. ಬ್ಯಾಕಪ್ಪಿನಲ್ಲಿ ಹದಿನೆಂಟಿದೆ, ಇವರು ಹದಿನೇಳು ಹಾಕಿದ್ದಾರೆ."

"ತಪ್ಪಿಲ್ಲ" ಎಂದರು ಮ್ಯಾನೇಜರ್ ತಕ್ಷಣ. "ಹದಿನೇಳೇ ಸರಿ."

ಮುತ್ತು ತಲೆ ಎತ್ತಿದ. ಮ್ಯಾನೇಜರ್ ತಮ್ಮ ಮಾತು ತಾವೇ ಕೇಳಿಸಿಕೊಂಡವರಂತೆ ಮಧ್ಯದ ಪೆನ್ನನ್ನು ಮುಟ್ಟಿ, ಸರಿಯಾಗಿಯೇ ಇದ್ದುದನ್ನು ಸರಿಮಾಡಿದರು. ಅವರು ಹೇಳಿದ್ದು ನಿಜವೇ ಆಗಿತ್ತು. ಹುಡುಗಿ ಫೈಲು ಉಳಿಸಿದ್ದು ಹದಿನೇಳನೆಯ ಸೆಕೆಂಡಿನಲ್ಲೇ; ತಪ್ಪಿದ್ದು ಡಿಸ್ಕು. ಆದರೆ ಒಂದೇ ಒಂದು ಅಂಕಿಯನ್ನು ತಪ್ಪೆಂದು ಯಾರಾದರೂ ಅಂದರೆ ಸುಮ್ಮನಿರಲು ಆ ಮನುಷ್ಯನಿಗೆ ಮೂವತ್ತು ವರ್ಷದಲ್ಲಿ ಅಭ್ಯಾಸವಾಗಿರಲಿಲ್ಲ.

ಬಾಯಿ ಜಾರಿದ ಒಂದು ಮಾತಿನ ಮೇಲೆ ಬಂಧಿಸುವುದು ಇನ್ಸ್‌ಪೆಕ್ಟರ್ ಒಪ್ಪುವ ಕ್ರಮವಲ್ಲ. ಲ್ಯಾಪ್‌ಟಾಪನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಪರಿಶೀಲನೆಯಲ್ಲಿ ಎರಡು ಸಂಗತಿ ಹೊರಬಿದ್ದವು. ವರದಿಯ ಮೂಲಪ್ರತಿ ನಾಲ್ಕನೆಯ ತಾರೀಖು ಸಂಜೆಯೇ ಅದರಲ್ಲಿ ಇಳಿದಿತ್ತು, ಶನಿವಾರ ಅಳಿಸಿಹೋಗಿತ್ತು. ಅದೇ ಶನಿವಾರ, ಅಂಚೆಯವನನ್ನು ಆಸ್ಪತ್ರೆಗೆ ಒಯ್ದ ಸ್ವಲ್ಪ ಹೊತ್ತಿಗೆ, ಫೈಲಿನ ತಾರೀಖು ತಿದ್ದುವ ಪುಟ್ಟ ತಂತ್ರಾಂಶವೊಂದು ಅದರಲ್ಲಿ ಸ್ಥಾಪನೆಯಾಗಿತ್ತು.

ಬುಧವಾರ ಬೆಳಿಗ್ಗೆ ಬಂಧಿಸಲು ಹೋದಾಗ ಮ್ಯಾನೇಜರ್ ಆಫೀಸಿನಲ್ಲಿರಲಿಲ್ಲ. ಎಲ್ಲಿ ಎಂದು ಕೇಳಿದರೆ ಸರ್ವರಮ್ಮ ಹೇಳಿದ ವಿಳಾಸ, ಅಪಘಾತ ನಡೆದ ಅದೇ ಕಟ್ಟಡದ್ದು. "ಅಲ್ಲಿ ಅವರ ಅಕ್ಕ ಇದ್ದಾರೆ ಮೇಡಂ. ಏಳನೇ ಮಹಡಿ."

ಲಿಫ್ಟಿಗೆ ಮೊಹರಿತ್ತು. ಮೆಟ್ಟಿಲು ಹತ್ತಿದರು. ನಾಲ್ಕನೆಯ ಮಹಡಿಯ ತಿರುವಿನಲ್ಲಿ ಮೇಲಿನಿಂದ ಸದ್ದು ಕೇಳಿಸಿತು. "ನಿಧಾನ, ನಿಧಾನ, ಎಡಕ್ಕೆ." ನಾಲ್ವರು ಒಂದು ಮರದ ಕುರ್ಚಿಯನ್ನು ಹೊತ್ತು ಇಳಿಸುತ್ತಿದ್ದರು. ಮೂವರು ನೆರೆಯವರು, ಮುಂದಿನ ಕಾಲು ಹಿಡಿದವರು ಮ್ಯಾನೇಜರ್. ಕುರ್ಚಿಯಲ್ಲಿ ಅರವತ್ತು ದಾಟಿದ ಬಡಕಲು ಹೆಂಗಸು, ಸೊಂಟಕ್ಕೆ ಕಟ್ಟಿದ ಸೀರೆ ಬೀಳದಂತೆ ಅವರನ್ನು ಹಿಡಿದಿತ್ತು.

"ದಾರಿ ಬಿಡಿಯಪ್ಪ, ಮೆರವಣಿಗೆ ಬರ್ತಿದೆ" ಎಂದರು ಆಕೆ ಪೊಲೀಸರನ್ನು ಕಂಡು. "ದಿನ ಬಿಟ್ಟು ದಿನ ಡಯಾಲಿಸಿಸ್. ಶನಿವಾರದಿಂದ ಇವರೆಲ್ಲ ನನ್ನ ಪಲ್ಲಕ್ಕಿ ಹೊರ್ತಿದ್ದಾರೆ. ನಾನೇನೂ ಕರೀಲಿಲ್ಲ, ಅವರಾಗೇ ಬಂದ್ರು."

ಮ್ಯಾನೇಜರ್ ಇನ್ಸ್‌ಪೆಕ್ಟರನ್ನು ನೋಡಿದರು. ಕುರ್ಚಿ ಬಿಡಲಿಲ್ಲ.

"ಮೊದಲು ಇಳಿಸಿ" ಎಂದರು ಇನ್ಸ್‌ಪೆಕ್ಟರ್. ಮುತ್ತು ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿ, ದಣಿದಿದ್ದ ಒಬ್ಬರ ಜಾಗಕ್ಕೆ ಕೈಕೊಟ್ಟ.

ಅಂಗಳದಲ್ಲಿ ಅಕ್ಕನನ್ನು ವಾಹನಕ್ಕೆ ಕೂರಿಸಿದ ಮೇಲೆ ಮ್ಯಾನೇಜರ್ ತಾವಾಗಿಯೇ ಬಂದು ನಿಂತರು. ಹೇಳಿದ್ದು ಸ್ವಲ್ಪವೇ. ಹೊಸ ಬೀಗ ಬರಲು ಮೂರು ವಾರ ಬೇಕಿತ್ತು. ಲಿಫ್ಟ್ ನಿಂತರೆ ಅಕ್ಕ ಆಸ್ಪತ್ರೆಗೆ ಹೋಗುವುದು ಹೇಗೆ ಎಂದು ಯೋಚಿಸಿದ್ದರು. ಬೀಗ ನೋಡಿದ್ದರು, ಮೂರು ವಾರ ತಾಳುತ್ತದೆಂದು ಲೆಕ್ಕ ಹಾಕಿದ್ದರು. ಅವರ ಲೆಕ್ಕ ಅದುವರೆಗೆ ತಪ್ಪಿರಲಿಲ್ಲ. ತಪ್ಪಿದಾಗ ತಿದ್ದಲು ಕೈಗೆ ಸಿಕ್ಕಿದ್ದು ಹುಡುಗಿ ಬರೆದ ಒಂದು ಸಾಲು.

ವಾಹನದ ಕಿಟಕಿ ತೆರೆದೇ ಇತ್ತು. ಅಕ್ಕನಿಗೆ ಎಲ್ಲವೂ ಕೇಳಿಸಿತ್ತು.

"ನನ್ನನ್ನ ಒಂದು ಮಾತು ಕೇಳಬಾರದಾಗಿತ್ತೇನೋ?"

"ಕೇಳಿದ್ರೆ ನೀನು ನಿಲ್ಲಿಸು ಅಂತಿದ್ದೆ ಅಕ್ಕ."

ಬಂಧನದ ಕಾಗದಕ್ಕೆ ಸಹಿ ಹಾಕಿ ಮ್ಯಾನೇಜರ್ ಜೀಪು ಹತ್ತಿದರು. ನೆರೆಯವರು ಖಾಲಿ ಕುರ್ಚಿಯನ್ನು ಮೆಟ್ಟಿಲಡಿ ಇಟ್ಟು, ಆಕೆ ಮರಳಿ ಬರುವ ಹೊತ್ತಿಗೆ ಯಾರು ಯಾರು ಇರುತ್ತಾರೆಂದು ಮಾತಾಡಿಕೊಂಡರು. ನಾಲ್ಕನೆಯವರು ಬೇಕಾಗಿತ್ತು. ನಾನು ಬರುತ್ತೇನೆ ಎಂದು ಮುತ್ತು ಹೇಳಿದ.